ಬಿಸಿಲ ನಾಡಿನಲ್ಲಿ ಗಾಜಿನೊಳಗೆ ಮಳೆಕಾಡಿನ ಬಳ್ಳಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯ ಗಾಳಿ 41–42 ಡಿಗ್ರಿ ಕಾದಿರುತ್ತದೆ. ಅದರಲ್ಲಿನ ತೇವ ಶೇಕಡ 20ರ ಆಸುಪಾಸು. ಇಂಥ ಗಾಳಿಯಲ್ಲಿ ಫಿಟ್ಟೋನಿಯಾ, ಪಿಲಿಯಾ, ತೆಳು ಎಲೆಯ ಪೆಲ್ಲಿಯೋನಿಯಾದಂಥ ಮಳೆಕಾಡಿನ ಗಿಡ ಇಟ್ಟರೆ ಸಂಜೆಯೊಳಗೆ ಬಾಡಿ ಮಲಗುತ್ತವೆ. ಹಾಗಾಗಿ ಮಳೆಕಾಡಿನ ಬಳ್ಳಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಬೆಳೆಸಲು ಹೊರಟವರ ಮೊದಲ ಚಿಂತೆಯೆಲ್ಲ ತೇವದ್ದೇ. ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸಬೇಕು, ಮಂಜು ಹೊರಡಿಸುವ ಫಾಗರ್ ತರಬೇಕೇ, ಹ್ಯುಮಿಡಿಫೈಯರ್ ಬೇಕೇ ಎಂದು ಕೇಳುತ್ತಾರೆ. ಆದರೆ ಕಲಬುರಗಿ, ಯಾದಗಿರಿ, ಬೀದರ್ ಕಡೆ ಟೆರೇರಿಯಂ ಎನ್ನುವ ಈ ಪೆಟ್ಟಿಗೆ ಒಣಗಿ ಹಾಳಾಗುವುದು ಅಪರೂಪ. ಹೆಚ್ಚಿನವು ಒಳಗೇ ಬೆಂದು ಹೋಗುತ್ತವೆ, ಉಳಿದವು ಬೋರಿನ ನೀರಿನ ಸುಣ್ಣಕ್ಕೆ ಸಿಕ್ಕಿ ಸೊರಗುತ್ತವೆ. ತೇವ ಕಾಯುವ ಕೆಲಸವನ್ನು ಗಾಜು ತಾನೇ ಮಾಡುತ್ತದೆ. ಬಿಸಿ ಇಳಿಸುವುದು, ಸರಿಯಾದ ನೀರನ್ನು ಆಯ್ದುಕೊಳ್ಳುವುದು, ಬಳ್ಳಿಗೆ ಹಿಡಿತ ಕೊಡುವುದು ಈ ಮೂರು ನಮ್ಮ ಪಾಲಿನವು.

ಗಾಜು ಮಾಡುವ ಕೆಲಸ

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಶಾ ವಾರ್ಡ್ ಪತಂಗದ ಕೋಶವೊಂದನ್ನು ಮುಚ್ಚಿದ ಸೀಸೆಯೊಳಗೆ ಹಸಿ ಮಣ್ಣಿನಲ್ಲಿ ಇಟ್ಟಿದ್ದ. ಕೆಲವು ದಿನಗಳಲ್ಲಿ ಆ ಮಣ್ಣಿನಿಂದ ಜರಿಗಿಡ ಮತ್ತು ಹುಲ್ಲು ಮೊಳೆತವು. ಹೊರಗೆ ಕಲ್ಲಿದ್ದಲ ಹೊಗೆಯಿಂದ ಸಾಯುತ್ತಿದ್ದ ಜರಿ ಸೀಸೆಯೊಳಗೆ ನೀರು ಹಾಕದೆಯೇ ಬದುಕಿತು. 1833ರಲ್ಲಿ ಆತ ಇಂಥದೇ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಸಿಡ್ನಿಗೆ ಹಡಗಿನಲ್ಲಿ ಕಳಿಸಿದ, ಅವು ಜೀವಂತ ತಲುಪಿದವು. ಇಂದಿನ ಟೆರೇರಿಯಂ ಅದರ ಮುಂದುವರಿಕೆ. ಸಸ್ಯಗಳ ಜೊತೆ ಪ್ರಾಣಿಯೂ ಇದ್ದರೆ ಅದು ವಿವೇರಿಯಂ.

ಒಳಗಿನ ಲೆಕ್ಕ ತಿಳಿದರೆ ಮುಂದಿನದೆಲ್ಲ ಸುಲಭ. 45 ಸೆಂ.ಮೀ. ಉದ್ದ, 45 ಅಗಲ, 60 ಎತ್ತರದ ಪೆಟ್ಟಿಗೆಯ ಗಾತ್ರ ಸುಮಾರು 121 ಲೀಟರ್. 28 ಡಿಗ್ರಿಯಲ್ಲಿ ಅದರ ಗಾಳಿ ಪೂರ್ತಿ ತೇವ ತುಂಬಿಕೊಂಡಾಗಲೂ ಅದರಲ್ಲಿ ಆವಿಯಾಗಿ ಇರುವ ನೀರು ಬರೀ 3 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು. ಇಷ್ಟು ನೀರು ಕೆಳಗಿನ ಹಸಿ ಪದರದಿಂದ ಕೆಲವೇ ನಿಮಿಷಗಳಲ್ಲಿ ಆವಿಯಾಗಿ ಸಿಗುತ್ತದೆ. ಮೇಲ್ಭಾಗ ಪೂರ್ತಿ ಜಾಲರಿಯಾಗಿದ್ದರೆ ಅಷ್ಟೇ ಬೇಗ ಹೊರಗೂ ಹೋಗುತ್ತದೆ. ಆದ್ದರಿಂದ ಫಾಗರ್‌ಗಿಂತ ಮುಚ್ಚಳ ಮುಖ್ಯ. ತಂಪು ದೇಶಗಳಿಗಾಗಿ ಮಾಡಿದ ಪೆಟ್ಟಿಗೆಗಳ ಮೇಲ್ಭಾಗದಲ್ಲಿ ದೊಡ್ಡ ಜಾಲರಿ ಇರುತ್ತದೆ. ಅದರ ಮೇಲೆ ಗಾಜು ಅಥವಾ ಅಕ್ರಿಲಿಕ್ ಹಾಳೆ ಹಾಕಿ, ಹಿಂಬದಿಯಲ್ಲಿ 4–5 ಸೆಂ.ಮೀ. ಪಟ್ಟಿಯಷ್ಟೇ ತೆರೆದಿಡಿ. ಮೇಲ್ಮೈಯ ಹತ್ತನೇ ಒಂದು ಭಾಗ ಅದು. ನಮ್ಮ ಒಣ ಗಾಳಿಗೆ ಅಷ್ಟು ಕಿಂಡಿ ಸಾಕು, ಒಳಗಿನ ತೇವ 75ರಿಂದ 90ರ ನಡುವೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕಿಂಡಿಯನ್ನು ಇಮ್ಮಡಿ ಮಾಡಬಹುದು.

ತೇವ ಸರಿಯಿದೆಯೇ ಎಂದು ತಿಳಿಯಲು ಮೀಟರಿಗಿಂತ ಗಾಜನ್ನು ನೋಡುವುದು ಲೇಸು. ಅಗ್ಗದ ಹೈಗ್ರೋಮೀಟರುಗಳು ಶೇಕಡ 85ರ ಮೇಲೆ ಹೋದಾಗ ನಂಬಿಕೆಗೆ ಅರ್ಹವಲ್ಲ. ಬೆಳಿಗ್ಗೆ ಮುಂದಿನ ಗಾಜಿನ ಮೂರನೇ ಒಂದು ಭಾಗದಷ್ಟು ಮಂಜು ಹಿಡಿದು, ಮೇಲಿನ ಎಲ್‌ಇಡಿ ದೀಪ ಹತ್ತಿದ ಎರಡು ಮೂರು ಗಂಟೆಯಲ್ಲಿ ತಿಳಿಯಾದರೆ ಅಳತೆ ಸರಿಯಾಗಿದೆ. ದಿನವಿಡೀ ಹನಿಗಳು ಇಳಿಯುತ್ತಿದ್ದರೆ ನೀರು ಹೆಚ್ಚು. ಮಂಜೇ ಹಿಡಿಯದಿದ್ದರೆ ಕಿಂಡಿ ದೊಡ್ಡದಾಗಿದೆ.

ಬಿಸಿ

ಬಿಸಿಲಲ್ಲಿ ನಿಂತ ಗಿಡ ಎಲೆಯಿಂದ ನೀರನ್ನು ಆವಿ ಮಾಡಿ ತನ್ನ ಮೈಯನ್ನು ತಂಪಾಗಿಸಿಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಆವಿ ಹೋಗಲು ಜಾಗವಿಲ್ಲ. ಹೊರಗಿದ್ದ ಮನಿ ಪ್ಲಾಂಟ್ 38 ಡಿಗ್ರಿಯನ್ನು ತಡೆದುಕೊಂಡಿತೆಂದು ಒಳಗಿನ ಗಿಡವೂ ತಡೆಯುತ್ತದೆ ಎಂದುಕೊಳ್ಳಬಾರದು. ಅದೇ 38 ಡಿಗ್ರಿ ಗಾಜಿನೊಳಗೆ ಎಷ್ಟೋ ಕಠಿಣ. ನೆರಳು ಕಾಡಿನ ಬಳ್ಳಿಗಳಿಗೆ 22ರಿಂದ 29 ಡಿಗ್ರಿ ಹಿತ. 32ರವರೆಗೆ ನಿಭಾಯಿಸುತ್ತವೆ. 35 ದಾಟಿದ ಮೇಲೆ ಎಲೆ ತಯಾರಿಸುವ ಆಹಾರಕ್ಕಿಂತ ಉಸಿರಾಟದಲ್ಲಿ ಸುಡುವ ಆಹಾರ ಹೆಚ್ಚಾಗತೊಡಗುತ್ತದೆ. ಅಂಥ ದಿನಗಳು ವಾರಗಟ್ಟಲೆ ಮುಂದುವರಿದರೆ ಕಾಂಡ ನೀರು ತುಂಬಿದಂತೆ ಮೆತ್ತಗಾಗಿ ಕರಗುತ್ತದೆ. ಬಿಸಿಯಲ್ಲಿ ಕೊಳೆರೋಗದ ಶಿಲೀಂಧ್ರಗಳು ಚುರುಕಾಗುವುದೂ ಆಗಲೇ. ನೋಡಿದವರು ನೀರು ಹೆಚ್ಚಾಗಿ ಕೊಳೆಯಿತು ಎನ್ನುತ್ತಾರೆ. ಮೂಲ ಕಾರಣ ಬಿಸಿ.

ಮೊದಲ ನಿಯಮಕ್ಕೆ ವಿನಾಯಿತಿಯೇ ಇಲ್ಲ: ಪೆಟ್ಟಿಗೆಯ ಮೇಲೆ ನೇರ ಬಿಸಿಲು ಐದು ನಿಮಿಷವೂ ಬೀಳಬಾರದು. ಗಾಜು ಬಿಸಿಲನ್ನು ಒಳಗೆ ಬಿಟ್ಟು ಬಿಸಿಯನ್ನು ಹಿಡಿದಿಡುತ್ತದೆ. ಪಡುವಣ ಕಿಟಕಿಯ ಪಕ್ಕದ ಪೆಟ್ಟಿಗೆ ಮಾರ್ಚ್‌ನ ಒಂದೇ ಸಂಜೆಗೆ ಮುಗಿಯುತ್ತದೆ. ಆರ್‌ಸಿಸಿ ಛಾವಣಿಯ ಕೆಳಗಿನ ಮೇಲ್ಮಹಡಿ ಬೇಡ, ಆ ಛಾವಣಿ ರಾತ್ರಿ ಹನ್ನೊಂದರವರೆಗೂ ಬಿಸಿ ಕಕ್ಕುತ್ತದೆ. ಕೆಳ ಮನೆಯ ಒಳಕೋಣೆ, ಬಡಗಣ ಅಥವಾ ಮೂಡಣ ಗೋಡೆ ಒಳ್ಳೆಯದು. ಹಳೆಯ ದಪ್ಪ ಕಲ್ಲಿನ ಗೋಡೆಯ ಮನೆಯಾದರೆ ಇನ್ನೂ ಒಳ್ಳೆಯದು. ಕಪಾಟಿನ ಮೇಲಿಡುವ ಬದಲು ನೆಲದ ಹತ್ತಿರ, ತಗ್ಗಿನ ಮಣೆಯ ಮೇಲೆ ಇಡಿ. ಪೆಟ್ಟಿಗೆಯ ಅಡಿಗೆ 10 ಮಿ.ಮೀ. ಥರ್ಮಾಕೋಲ್ ಹಾಳೆ ಹಾಕಿದರೆ ಗಾಜಿನ ಮೇಲೆ ಭಾರ ಒಂದೇ ಸಮ ಕೂರುತ್ತದೆ.

ಎರಡನೆಯದು ದೀಪದ ಹೊತ್ತು. ಬೆಳಕು ಹಗಲಲ್ಲೇ ಬೇಕೆಂದು ಬಳ್ಳಿಗೆ ಹಟವಿಲ್ಲ. ಮಾರ್ಚ್‌ನಿಂದ ಜೂನ್ ಮೊದಲ ಮಳೆಯವರೆಗೆ ಎಲ್‌ಇಡಿಯನ್ನು ರಾತ್ರಿ 8ರಿಂದ ಬೆಳಗಿನ 6ರವರೆಗೆ ಟೈಮರ್‌ಗೆ ಹಚ್ಚಿ. ದೀಪದ ಬಿಸಿ ಮತ್ತು ಕೋಣೆಯ ಬಿಸಿ ಒಂದೇ ಹೊತ್ತಿನಲ್ಲಿ ಸೇರುವುದು ತಪ್ಪುತ್ತದೆ, ಗಿಡ ಆಹಾರ ಮಾಡುವ ಹೊತ್ತು ದಿನದ ತಂಪು ಹೊತ್ತಾಗುತ್ತದೆ. ಹಗಲಿನಲ್ಲಿ ಕೋಣೆಯ ಮಂದ ಬೆಳಕು ಇದ್ದರೆ ತೊಂದರೆಯಿಲ್ಲ. ದೀಪವನ್ನು ಮುಚ್ಚಳದ ಗಾಜಿಗೆ ತಾಗಿಸದೆ 5 ಸೆಂ.ಮೀ. ಮೇಲೆ ನಿಲ್ಲಿಸಿ, ನಡುವೆ ಗಾಳಿ ಆಡಲಿ. 10 ದಿನ ಗಮನಿಸಿದರೆ ಈ ಒಂದು ಬದಲಾವಣೆಯಿಂದ ಒಳಗಿನ ಮಧ್ಯಾಹ್ನದ ಬಿಸಿ ಎಷ್ಟು ಇಳಿಯಿತೆಂದು ಥರ್ಮಾಮೀಟರೇ ಹೇಳುತ್ತದೆ.

ಮೂರನೆಯದು ಕೂಲರ್. ಒಣ ಗಾಳಿಯ ಊರಿಗೆ ಇದೊಂದು ವರ. 42 ಡಿಗ್ರಿ, ಶೇಕಡ 20 ತೇವದ ಗಾಳಿ ನೀರಿನ ಆವಿಯಿಂದ ತಂಪಾಗಬಲ್ಲ ಕೊನೆಯ ಮಿತಿ ಸುಮಾರು 24 ಡಿಗ್ರಿ. ಪ್ಯಾಡ್ ಚೆನ್ನಾಗಿ ನೆನೆದ ಕೂಲರಿನಿಂದ 28 ಡಿಗ್ರಿಯ ಗಾಳಿ ಬರುವುದು ಹೀಗೆ. ಹೊರಗಿನ ಒಣ ಗಾಳಿಯನ್ನು ಎಳೆಯುವಂತೆ ಕಿಟಕಿಯಲ್ಲಿ ಕೂಲರ್ ಇಟ್ಟು, ಎದುರಿನ ಬಾಗಿಲು ತೆರೆದಿಟ್ಟರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂಲರ್ ಹಾಕಿದರೆ ಅರ್ಧ ಗಂಟೆಯಲ್ಲಿ ತೇವ ತುಂಬಿ ತಂಪು ನಿಲ್ಲುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಬೇಕು, ಕೋಣೆ ಪೆಟ್ಟಿಗೆಯನ್ನು ತಂಪು ಮಾಡುತ್ತದೆ. ಪೆಟ್ಟಿಗೆಯೊಳಗೆ ನೀರು ಚಿಮುಕಿಸಿ ತಂಪು ಮಾಡುತ್ತೇನೆ ಎಂದರೆ ಆಗದು. ತೇವ ತುಂಬಿದ ಗಾಳಿಯಲ್ಲಿ ನೀರು ಆವಿಯಾಗುವುದಿಲ್ಲ, ಆವಿಯಾಗದ ನೀರು ತಂಪು ಕೊಡುವುದಿಲ್ಲ. ಮೇ ತಿಂಗಳಲ್ಲಿ ಗಿಡ ಬಾಡಿದಂತೆ ಕಂಡಾಗ ಮತ್ತೆ ಮತ್ತೆ ನೀರು ಹೊಡೆಯುವುದೇ ಅತಿ ಹೆಚ್ಚು ಪೆಟ್ಟಿಗೆಗಳನ್ನು ಕೊಲ್ಲುವ ತಪ್ಪು.

ಮಧ್ಯಾಹ್ನ ಕರೆಂಟ್ ಹೋದರೆ, ಮೊದಲೇ ಹೆಪ್ಪುಗಟ್ಟಿಸಿಟ್ಟ ಅರ್ಧ ಲೀಟರಿನ ಎರಡು ನೀರಿನ ಬಾಟಲಿಗಳನ್ನು, ಮುಚ್ಚಳದ ಹಾಳೆ ಸರಿಸಿ, ಮೇಲಿನ ಜಾಲರಿಯ ಮೇಲೆ ಒಂದು ತಟ್ಟೆಯಲ್ಲಿಡಿ. ತಂಪು ಗಾಳಿ ಕೆಳಗೆ ಇಳಿಯುತ್ತದೆ, ಒಂದೆರಡು ಗಂಟೆಗೆ ಆಸರೆ.

ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಬೇಸಿಗೆ ತುಸು ಸೌಮ್ಯ. ಆದರೆ ಡಿಸೆಂಬರ್–ಜನವರಿಯ ರಾತ್ರಿ ಅಲ್ಲಿ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆ ಎರಡು ತಿಂಗಳು ದೀಪವನ್ನು ಹಗಲಿಗೆ ತಿರುಗಿಸಿ, ನೀರು ಅರ್ಧ ಮಾಡಿ. ಒದ್ದೆ ಮತ್ತು ಚಳಿ ಸೇರಿದರೆ ಬೇರು ಕೊಳೆಯುತ್ತದೆ.

ನೀರು ಮತ್ತು ಕಲ್ಲು

ವಾಡಿ, ಶಹಾಬಾದ್, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಏಕೆ ಬಂದವು ಎಂಬುದಕ್ಕೂ ನಿಮ್ಮ ಪೆಟ್ಟಿಗೆಯ ಗಾಜು ಬೆಳ್ಳಗಾಗುವುದಕ್ಕೂ ಕಾರಣ ಒಂದೇ: ನೆಲದಡಿಯ ಸುಣ್ಣದ ಕಲ್ಲು. ಅದರ ನಡುವೆ ಹರಿದು ಬಂದ ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಒಟ್ಟು ಕರಗಿದ ಲವಣಕ್ಕೆ (ಟಿಡಿಎಸ್) ಲೀಟರಿಗೆ 500 ಮಿಲಿಗ್ರಾಂ ಮಿತಿ ಇಟ್ಟಿದೆ, ಬೇರೆ ಮೂಲ ಇಲ್ಲದ ಕಡೆ 2,000ದವರೆಗೆ ಒಪ್ಪುತ್ತದೆ. ಪೆಟ್ಟಿಗೆಗೆ ಬೇಕಾದದ್ದು 50ಕ್ಕಿಂತ ಕಡಿಮೆ. ಕುಂಡದಲ್ಲಾದರೆ ಹೆಚ್ಚಿನ ನೀರು ಕೆಳಗೆ ಹರಿದು ಲವಣವನ್ನೂ ಒಯ್ಯುತ್ತದೆ. ಪೆಟ್ಟಿಗೆಯಿಂದ ಹೊರಗೆ ಹೋಗುವುದು ಆವಿ ಮಾತ್ರ, ಲವಣ ಒಳಗೇ ಉಳಿದು ಕೂಡುತ್ತಾ ಹೋಗುತ್ತದೆ. ಮೊದಲ ಮೂರು ತಿಂಗಳು ಏನೂ ಕಾಣದು. ಆಮೇಲೆ ಒಳಗೆ ಹಾಸಿದ ಪಾಚಿಯ (ಮಾಸ್) ತುದಿ ಕಂದಾಗುತ್ತದೆ, ಎಲೆಯಂಚು ಸುಟ್ಟಂತೆ ಆಗುತ್ತದೆ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ.

ಮಳೆ ನೀರಿಗೆ ಸಮಾನವಾದದ್ದು ಬೇರೆ ಇಲ್ಲ. ಮೊದಲ ಎರಡು ಮಳೆ ಛಾವಣಿ ತೊಳೆದು ಹೋಗಲಿ, ಮೂರನೆಯದನ್ನು ಹಿಡಿಯಿರಿ. ಮೇಲೆ ಹೇಳಿದ ಗಾತ್ರದ ಪೆಟ್ಟಿಗೆಗೆ ವಾರಕ್ಕೆ ಅರ್ಧದಿಂದ ಒಂದು ಲೀಟರ್ ಸಾಕು. ಆದ್ದರಿಂದ 20 ಲೀಟರಿನ ಎರಡು ಕ್ಯಾನು ಕತ್ತಲಲ್ಲಿ ಮುಚ್ಚಿಟ್ಟರೆ ವರ್ಷದ ಹೆಚ್ಚಿನ ಭಾಗ ಸಾಗುತ್ತದೆ. ಇಲ್ಲವಾದರೆ ಆರ್‌ಒ ನೀರು. ಆರ್‌ಒ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಮಾತ್ರ ತಪ್ಪಿಯೂ ಹಾಕಬೇಡಿ, ಅದರಲ್ಲಿ ಲವಣ ಬೋರಿನ ನೀರಿಗಿಂತ ಹೆಚ್ಚಿರುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಕಡಿಮೆ, ಗಿಡ ಮಾತ್ರ ಇರುವ ಪೆಟ್ಟಿಗೆಗೆ ನಡೆಯುತ್ತದೆ. ಲೋಹದ ಸುರುಳಿಯ ಮೇಲಿಂದ ಇಳಿದದ್ದಾದ್ದರಿಂದ ಪ್ರಾಣಿ ಇರುವಲ್ಲಿ ಬೇಡ.

ಅಲಂಕಾರದ ಕಲ್ಲಿನಲ್ಲೂ ಇದೇ ಎಚ್ಚರ ಬೇಕು. ಶಹಾಬಾದ್ ಫರಸಿಯ ಚೂರುಗಳು ಚಪ್ಪಟೆಯಾಗಿ, ಒಂದರ ಮೇಲೊಂದು ಜೋಡಿಸಿ ಮೆಟ್ಟಿಲು ಮಾಡಲು ಹೇಳಿ ಮಾಡಿಸಿದಂತಿವೆ. ಆದರೆ ಅದು ಅಪ್ಪಟ ಸುಣ್ಣದ ಕಲ್ಲು. ಅದರ ಮೇಲೆ ವಿನೆಗರ್ ಹಾಕಿ ನೋಡಿ, ಗುಳ್ಳೆ ಏಳುತ್ತದೆ. ಒದ್ದೆ, ತುಸು ಹುಳಿ ಪದರದಲ್ಲಿ ಅದು ನಿಧಾನಕ್ಕೆ ಕರಗಿ ಇಡೀ ಪೆಟ್ಟಿಗೆಯನ್ನು ಕ್ಷಾರವಾಗಿಸುತ್ತದೆ, ಆಗ ಗಿಡಕ್ಕೆ ಕಬ್ಬಿಣದ ಅಂಶ ಸಿಗದು. ಯಾದಗಿರಿ ಗುಡ್ಡಗಳ ಗ್ರಾನೈಟ್ ನೀರಿಗೆ ಏನನ್ನೂ ಬಿಡುವುದಿಲ್ಲ, ನಿಶ್ಚಿಂತೆಯಿಂದ ಬಳಸಬಹುದು. ಎಲ್ಲಕ್ಕಿಂತ ಮೇಲು ಬೀದರಿನ ಜಂಬಿಟ್ಟಿಗೆ. ಸುಣ್ಣವಿಲ್ಲ, ತುಂಬ ತೂತು, ನೀರು ಹೀರಿ ಹಿಡಿಯುತ್ತದೆ, ಬೇರು ಅದರ ರಂಧ್ರಗಳಿಗೆ ಇಳಿದು ಅಂಟುತ್ತದೆ. ಮನೆ ಕಟ್ಟುವಲ್ಲಿ ಉಳಿದ ತುಂಡು ಕೇಳಿ ತನ್ನಿ. ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಿಕ್ಕಿ ತೊಳೆದು, ಮೂರು ದಿನ ಮಳೆ ನೀರಲ್ಲಿ ನೆನೆಸಿ ಹಾಕಿ.

ತಳ

ನಮ್ಮ ಎರೆಮಣ್ಣು ತೊಗರಿಗೆ ಎಷ್ಟು ಒಳ್ಳೆಯದೋ ಈ ಕೆಲಸಕ್ಕೆ ಅಷ್ಟೇ ಕೆಟ್ಟದ್ದು. ಒದ್ದೆಯಾದಾಗ ಉಬ್ಬಿ ಗಾಳಿಯ ಜಾಗವನ್ನೆಲ್ಲ ಮುಚ್ಚುತ್ತದೆ. ಮಳೆಕಾಡಿನ ಬಳ್ಳಿಗಳಲ್ಲಿ ಬಹಳಷ್ಟು ಮರದ ತೊಗಟೆ, ಕೊಳೆತ ಎಲೆಗಳ ಮೇಲೆ ಬೇರೂರುವಂಥವು. ಅವಕ್ಕೆ ಮಣ್ಣೇ ಬೇಡ.

ಎಲ್ಲಕ್ಕೂ ಕೆಳಗೆ 4 ಸೆಂ.ಮೀ. ಸುಟ್ಟ ಜೇಡಿಯ ಗೋಲಿ ಹಾಕಿ. ಈ ಗಾತ್ರದ ಪೆಟ್ಟಿಗೆಗೆ 8 ಲೀಟರ್ ಹಿಡಿಯುತ್ತದೆ. ಅದರ ಮೇಲೆ ಫೈಬರ್ ಸೊಳ್ಳೆ ಜಾಲರಿಯನ್ನು ಅಂಚಿನಲ್ಲಿ 2 ಸೆಂ.ಮೀ. ಮೇಲಕ್ಕೆ ಮಡಚಿ ಹಾಸಿ. ಗೋಲಿಯ ಪದರ ಮೇಲಿನ ಮಿಶ್ರಣವನ್ನು ಒಣಗಿಸುತ್ತದೆ ಎಂಬ ನಂಬಿಕೆ ಇದೆ, ಅದು ತಪ್ಪು. ಹೆಚ್ಚಾದ ನೀರು ಬೇರಿನಿಂದ ದೂರ ನಿಲ್ಲಲು ಅದೊಂದು ಜಾಗ, ಅಷ್ಟೇ. ಬೀದರಿನ ನೌಬಾದಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗ, ನಡೆದದ್ದೂ ಇಂಥದೇ ಜೋಡಣೆಯಿಂದ: ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ನೀರು ಅಡಿಯ ಗಟ್ಟಿ ಕಪ್ಪು ಕಲ್ಲಿನ ಮೇಲೆ ನಿಲ್ಲುತ್ತದೆ, ನಿಂತದ್ದಕ್ಕೆ ಸುರಂಗದಲ್ಲಿ ದಾರಿ ಮಾಡಿದ್ದಾರೆ. ನಿಮ್ಮ ಪೆಟ್ಟಿಗೆಗೂ ಒಂದು ದಾರಿ ಬೇಕು. ಹಳೆ ಅಕ್ವೇರಿಯಂ ಬಳಸುವವರು ತಳಕ್ಕೆ ತೂತು ಕೊರೆಯಬೇಕಿಲ್ಲ. ಹಿಂದಿನ ಮೂಲೆಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು ನಿಲ್ಲಿಸಿ, ಅದರ ಕೆಳತುದಿಯಲ್ಲಿ ನಾಲ್ಕು ಸೀಳು ಹಾಕಿ. ನೀರು 2 ಸೆಂ.ಮೀ. ದಾಟಿದರೆ ಪೈಪಿನೊಳಗೆ ಸಣ್ಣ ನಳಿಕೆ ಬಿಟ್ಟು ಸಿರಿಂಜಿನಿಂದ ಎಳೆಯಿರಿ.

ಮೇಲಿನ ಮಿಶ್ರಣ ಮುಂದೆ 5 ಸೆಂ.ಮೀ., ಹಿಂದೆ 10 ಸೆಂ.ಮೀ. ಇಳಿಜಾರಾಗಿರಲಿ. ಒಟ್ಟು 15 ಲೀಟರ್ ಬೇಕು: ತೆಂಗಿನ ಸಿಪ್ಪೆಯ ಚೂರು 5 ಲೀಟರ್, ಕೋಕೋಪೀಟ್ 3, ಪೈನ್ ತೊಗಟೆ 3, ಕಡಲೆಕಾಳು ಗಾತ್ರದ ಇದ್ದಿಲು 2, ಕತ್ತರಿಸಿದ ಸ್ಫ್ಯಾಗ್ನಂ ಪಾಚಿ 2. ತೆಂಗಿನ ಸಿಪ್ಪೆಯಲ್ಲಿ ಉಪ್ಪಿರುತ್ತದೆ. ಮಳೆ ಅಥವಾ ಆರ್‌ಒ ನೀರಿನಲ್ಲಿ ನೆನೆಸಿ ಹಿಂಡುವುದನ್ನು ಮೂರು ನಾಲ್ಕು ಸಲ ಮಾಡಿ, ಹಿಂಡಿದ ನೀರಿನ ಟಿಡಿಎಸ್ 300ಕ್ಕಿಂತ ಕೆಳಗೆ ಬಂದ ಮೇಲೆ ಬಳಸಿ. ಎರೆಗೊಬ್ಬರ ಬೇಡ. ಮುಚ್ಚಿದ ತೇವದಲ್ಲಿ ಅದು ಸಣ್ಣ ನೊಣಗಳ ತವರಾಗುತ್ತದೆ. ಮೇಲೆ ಒಣಗಿದ ಬಾದಾಮಿ ಮರದ ಎಲೆ ಅಥವಾ ಪೇರಲ ಎಲೆಯನ್ನು ಕುದಿಸಿ ಆರಿಸಿ ಒಂದು ಪದರ ಹಾಸಿ. ಬೇವಿನ ಎಲೆ ಮತ್ತು ನೀಲಗಿರಿ ಎಲೆಯನ್ನು ದೂರ ಇಡಿ, ಕೊಳೆತದ್ದನ್ನು ತಿಂದು ಪೆಟ್ಟಿಗೆ ಚೊಕ್ಕಟವಿಡುವ ಸ್ಪ್ರಿಂಗ್‌ಟೇಲ್ ಹುಳುಗಳಿಗೆ ಅವು ಹಿತವಲ್ಲ. ಈ ಹುಳುಗಳನ್ನು ಗಿಡ ನೆಡುವ ಒಂದು ವಾರ ಮುಂಚೆಯೇ ಒಳಗೆ ಬಿಟ್ಟರೆ ಮೊದಲ ತಿಂಗಳ ಬೂಷ್ಟು ಕಡಿಮೆಯಾಗುತ್ತದೆ.

ಗೆಣ್ಣು ಏನನ್ನು ಮುಟ್ಟುತ್ತದೆ?

ಬಳ್ಳಿಯ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದು: ಬಳ್ಳಿ ಬದುಕುವುದು ಗೆಣ್ಣಿನಲ್ಲಿ. ಎಲೆ ಹುಟ್ಟುವ ಜಾಗವೇ ಬೇರು ಹುಟ್ಟುವ ಜಾಗವೂ ಹೌದು. ಎಲೆಬಳ್ಳಿಯ ತೋಟದಲ್ಲಿ ಆಸರೆಗಂಬಕ್ಕೆ ಬಳ್ಳಿ ಹಬ್ಬುವುದನ್ನು ನೋಡಿದವರಿಗೆ ಇದು ಗೊತ್ತು. ಗೆಣ್ಣು ಒದ್ದೆ ಆಸರೆಗೆ ತಾಗಿದಲ್ಲಿ ಬೇರು ಬಿಟ್ಟು ಹಿಡಿಯುತ್ತದೆ. ಗಾಳಿಯಲ್ಲಿ ತೂಗಿದ ಗೆಣ್ಣು ಸುಮ್ಮನಿರುತ್ತದೆ. ಗೆಣ್ಣು ಹಿಡಿದ ಬಳ್ಳಿಯ ಎಲೆ ದೊಡ್ಡದಾಗುತ್ತದೆ, ತೂಗಿದ ಬಳ್ಳಿಯ ಎಲೆ ಸಣ್ಣದಾಗುತ್ತಾ ಹೋಗುತ್ತದೆ. ಮನಿ ಪ್ಲಾಂಟಿನಲ್ಲಿ ಇದು ಎದ್ದು ಕಾಣುತ್ತದೆ. ಹಾಗಾಗಿ ಗಿಡ ಕೊಳ್ಳುವ ಮುಂಚೆ ಅದರ ಗೆಣ್ಣಿಗೆ ಏನು ಬೇಕು ಎಂದು ತಿಳಿದುಕೊಂಡರೆ ಅದನ್ನು ಎಲ್ಲಿ ನೆಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಗೋಡೆಗೆ ಅಂಟಿ ಏರುವವು ಒಂದು ಬಗೆ. ಕ್ರೀಪಿಂಗ್ ಫಿಗ್, ಸಿಂಡಾಪ್ಸಸ್ ಪಿಕ್ಟಸ್, ಎಲೆಗಳನ್ನು ಹೆಂಚು ಹೊದಿಸಿದಂತೆ ತೊಗಟೆಗೆ ಒತ್ತಿ ಬೆಳೆಸುವ ಮಾನ್‌ಸ್ಟೆರಾ ಡ್ಯೂಬಿಯಾ, ರಾಫಿಡೋಫೋರಾ, ಮಾರ್ಕ್‌ಗ್ರೇವಿಯಾ ಇವೆಲ್ಲ ಈ ಗುಂಪಿನವು. ಇವಕ್ಕೆ ಸದಾ ಒದ್ದೆಯಿರುವ, ಒರಟಾದ ಹಿಂಗೋಡೆ ಬೇಕು. ಬರೀ ಗಾಜಿನ ಮೇಲೆ ಹೆಂಚಿನಂತೆ ಬೆಳೆಯುವ ಬಳ್ಳಿಗಳು ಸೊರಗುತ್ತವೆ. ಕಾರ್ಕ್ ತೊಗಟೆಯ ಹಲಗೆ ಅತ್ಯುತ್ತಮ, ದುಬಾರಿ. ತೆಂಗಿನ ನಾರಿನ 2 ಸೆಂ.ಮೀ. ದಪ್ಪದ ಹಾಳೆಯನ್ನು ಸಿಲಿಕಾನ್‌ನಿಂದ ಅಂಟಿಸಿದರೂ ಕೆಲಸ ನಡೆಯುತ್ತದೆ, ಎರಡು ಮೂರು ವರ್ಷಕ್ಕೆ ಬದಲಿಸಬೇಕಾದೀತು. ಸಿಲಿಕಾನ್ ಕೊಳ್ಳುವಾಗ ಬಚ್ಚಲುಮನೆಗೆಂದು ಬೂಷ್ಟುನಾಶಕ ಸೇರಿಸಿದ್ದು ಬೇಡ, ಅಕ್ವೇರಿಯಂಗೆ ಬಳಸುವುದೇ ಇರಲಿ. ಅಂಟಿಸಿದ ಮೇಲೆ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರ, ಪೆಟ್ಟಿಗೆ ತೆರೆದಿಡಿ. ಕೊಂಬೆ ಬೇಕಾದವರು ಹುಣಸೆಯ ಕೆಂಪು ಗರ್ಭಕಟ್ಟಿಗೆ ಹಾಕಬಹುದು. ಮಾವಿನ ಕಟ್ಟಿಗೆ ಒಂದೇ ವರ್ಷದಲ್ಲಿ ಪುಡಿಯಾಗುತ್ತದೆ.

ನೆಲದ ಮೇಲೆ ಹರಡುವವು ಇನ್ನೊಂದು ಬಗೆ: ಪೆಲ್ಲಿಯೋನಿಯಾ, ಪಿಲಿಯಾ ಡಿಪ್ರೆಸ್ಸಾ, ಫಿಟ್ಟೋನಿಯಾ, ಸೆಲಾಜಿನೆಲ್ಲಾ. ಪ್ರತಿ ಗೆಣ್ಣೂ ನೆಲ ಮುಟ್ಟಬೇಕು, ಆದರೆ ಹೂಳಬಾರದು. ಒಳಗೆ ಹೂತ ಕಾಂಡ ಕೊಳೆಯಬಹುದು.

ಮೂರನೆಯವು ಎತ್ತರದಲ್ಲಿ ಹುಟ್ಟಿ ಕೆಳಗೆ ತೂಗುವವು: ಹೋಯಾ, ಡಿಸ್ಕಿಡಿಯಾ, ಪೆಪೆರೋಮಿಯಾ ಪ್ರಾಸ್ಟ್ರಾಟಾ. ಇವುಗಳ ಎಲೆ ದಪ್ಪ, ನೀರು ಕೂಡಿಟ್ಟುಕೊಳ್ಳುತ್ತದೆ. ಮರದ ಮೇಲೆ ಬೆಳೆಯುವ ಹೋಯಾ, ಡಿಸ್ಕಿಡಿಯಾ ಬೇರುಗಳು ಒದ್ದೆಯಾಗಿ ಮತ್ತೆ ಆರಬೇಕು. ಪೆಟ್ಟಿಗೆಯ ಮೇಲಿನ ಮೂರನೇ ಒಂದು ಭಾಗ, ಕಿಂಡಿಯ ಹತ್ತಿರದ ಜಾಗ ಇವುಗಳದ್ದು. ದೀಪದ ಹತ್ತಿರದ ಬಿಸಿಯನ್ನೂ ಇವೇ ತಾಳುತ್ತವೆ. ತೊಗಟೆಯ ಮೇಲೆ ನಿಂಬೆ ಗಾತ್ರದ ಸ್ಫ್ಯಾಗ್ನಂ ಉಂಡೆ ಇಟ್ಟು ಅದಕ್ಕೆ ಬೇರು ಕಟ್ಟಿದರೆ ಸಾಕು. ಕೆಳಗಿನ ಒದ್ದೆ ಮಿಶ್ರಣದಲ್ಲಿ ಹೋಯಾ ನೆಟ್ಟರೆ ಎರಡು ತಿಂಗಳೂ ಬಾಳದು.

ನಮ್ಮ ಬಿಸಿಗೆ ಹೊಂದುವ ಮೊದಲ ಪೆಟ್ಟಿಗೆಗೆ ಸಿಂಡಾಪ್ಸಸ್, ಕ್ರೀಪಿಂಗ್ ಫಿಗ್‌ನ ಪುಟ್ಟ ಎಲೆಯ ತಳಿ, ಪೆಲ್ಲಿಯೋನಿಯಾ, ಡಿಸ್ಕಿಡಿಯಾ ಈ ನಾಲ್ಕೇ ಸಾಕು. ಮಾರ್ಕ್‌ಗ್ರೇವಿಯಾ ಒಂದು ಬೇಸಿಗೆ ನಿಭಾಯಿಸಿದವರಿಗೆ. ಬೇಬೀಸ್ ಟಿಯರ್ಸ್ ಎಂದು ಮಾರುವ ಸೊಲೆಯ್ರೋಲಿಯಾ ಮೆಡಿಟರೇನಿಯನ್ ದ್ವೀಪಗಳ ತಂಪಿನ ಗಿಡ, ಹೋಯಾ ಸರ್ಪೆನ್ಸ್ ಹಿಮಾಲಯದ್ದು. ಎಷ್ಟು ಚೆಂದ ಕಂಡರೂ ಎರಡನ್ನೂ ಬಿಟ್ಟುಬಿಡಿ. ಸಾಮಾನ್ಯ ಮನಿ ಪ್ಲಾಂಟ್ ಸಾಯುವುದಿಲ್ಲ, ಬದಲಿಗೆ ಆರು ತಿಂಗಳಲ್ಲಿ ಉಳಿದ ಎಲ್ಲವನ್ನೂ ಮುಚ್ಚುತ್ತದೆ.

ನೆಡುವುದು

ಕಾಲ ಜುಲೈ–ಆಗಸ್ಟ್. ಆಷಾಢ–ಶ್ರಾವಣದಲ್ಲಿ ಬಿಸಿ ಇಳಿದಿರುತ್ತದೆ, ಮಳೆ ನೀರು ಸಿಗುತ್ತದೆ, ಬೇಸಿಗೆಗೆ ಮುಂಚೆ ಬೇರೂರಲು ಏಳು ತಿಂಗಳು ಉಳಿಯುತ್ತದೆ. ಏಪ್ರಿಲ್–ಮೇಯಲ್ಲಿ ದೂರದ ಊರಿಂದ ಕೊರಿಯರ್‌ನಲ್ಲಿ ಗಿಡ ತರಿಸಬೇಡಿ, ವ್ಯಾನಿನ ಡಬ್ಬಿಯೊಳಗೇ ಬೇಯುತ್ತವೆ.

ನರ್ಸರಿಯಿಂದ ತಂದ ಗಿಡದ ಬೇರಿನ ಸುತ್ತಲಿನ ಕೆಂಪು ಮಣ್ಣಿನಲ್ಲಿ ಗೊಬ್ಬರ, ಕೀಟನಾಶಕ, ಬಸವನಹುಳುವಿನ ಮೊಟ್ಟೆ ಎಲ್ಲವೂ ಇರಬಹುದು. ಬೇರಿನ ಸಮೇತ ನೆಡುವ ಬದಲು ತುಂಡು ಕತ್ತರಿಸಿ ನೆಡುವುದು ಜಾಣತನ. ಎರಡು ಅಥವಾ ಮೂರು ಗೆಣ್ಣಿನ ತುಂಡನ್ನು ಹರಿತ ಬ್ಲೇಡಿನಿಂದ ಕೊನೆಯ ಗೆಣ್ಣಿನ ಒಂದು ಸೆಂ.ಮೀ. ಕೆಳಗೆ ಕತ್ತರಿಸಿ, ಹರಿಯುವ ನೀರಿನಲ್ಲಿ ಎಲೆಯ ಎರಡೂ ಬದಿ ಬೆರಳಿನಿಂದ ತೊಳೆಯಿರಿ. ಹಾಲು ಒಸರುವ ಕ್ರೀಪಿಂಗ್ ಫಿಗ್, ಹೋಯಾಗಳ ಕೊಯ್ದ ತುದಿಯನ್ನು ನೀರಿನಲ್ಲಿ ಅದ್ದಿ ಹಾಲು ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಬೇರೆ ಡಬ್ಬಿಯಲ್ಲಿ ಒದ್ದೆ ಪಾಚಿಯ ಮೇಲೆ ಮೂರು ವಾರ ಇಟ್ಟರೆ ಹಿಟ್ಟು ತಿಗಣೆ, ಜೇಡ ನುಸಿ ಇದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಪೆಟ್ಟಿಗೆಯೊಳಗೆ ಹೊಕ್ಕ ಹಿಟ್ಟು ತಿಗಣೆಯನ್ನು ತೆಗೆಯುವುದು ಬಲು ಕಷ್ಟ, ಈ ಮೂರು ವಾರವನ್ನು ಉಳಿಸಲು ಹೋಗಬೇಡಿ.

ಹಿಂಗೋಡೆಗೆ ಕೂರಿಸುವಾಗ ಗೆಣ್ಣಿನ ಹಿಂದೆ ಚಿಟಿಕೆ ಸ್ಫ್ಯಾಗ್ನಂ ಇಟ್ಟು, ಗೆಣ್ಣು ಅದಕ್ಕೆ ಒತ್ತಿಕೊಳ್ಳುವಂತೆ ಬಿದಿರಿನ ಹಲ್ಲುಕಡ್ಡಿಯನ್ನು ಓರೆಯಾಗಿ ಚುಚ್ಚಿ ಅಥವಾ ಹತ್ತಿ ದಾರದಿಂದ ಕಟ್ಟಿ. ದಾರ ಕೊಳೆಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ತಾಮ್ರದ ತಂತಿ ಬೇಡ, ಒದ್ದೆಯಲ್ಲಿ ಅದು ಬಿಡುವ ತಾಮ್ರ ಪಾಚಿಗೂ ಕಪ್ಪೆಗೂ ವಿಷ. ಮೊದಲ ಎರಡು ವಾರ ಕಿಂಡಿಯನ್ನೂ ಮುಚ್ಚಿ. ಎರಡರಿಂದ ನಾಲ್ಕು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಏರುಬಳ್ಳಿಯನ್ನು ಗೋಡೆಯ ಕೆಳಭಾಗದಿಂದ ಶುರುಮಾಡಿ, ಅದು ಮೇಲಕ್ಕೆ ತಾನೇ ಹೋಗುತ್ತದೆ.

ಬೆಳಕಿಗೆ 20 ವ್ಯಾಟಿನ, 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಸಾಕು. ಅದು ಕೊಡುವ 2,000 ಲ್ಯೂಮೆನ್ ಈ ಅಗಲಕ್ಕೆ ಹರಡಿದರೆ ಮೇಲ್ಭಾಗದಲ್ಲಿ 8–9 ಸಾವಿರ ಲಕ್ಸ್, ನೆಲದಲ್ಲಿ 3–4 ಸಾವಿರದ ಹತ್ತಿರ ಬರುತ್ತದೆ. ಫೋನಿನ ಲಕ್ಸ್ ಮೀಟರ್ ಆಪ್‌ನಲ್ಲಿ ಅಂದಾಜು ಅಳೆಯಬಹುದು. ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ ಎಲೆ ಸಣ್ಣದಾದರೆ ಬೆಳಕು ಕಡಿಮೆ. ಎಲೆ ಬಿಳಚಿ, ಗಾಜಿನ ಮೇಲೆ ಹಸಿರು ಪಾಚಿ ಕಟ್ಟಿದರೆ ಹೆಚ್ಚು.

ಕೆಡುವುದು ಹೇಗೆ, ಏಕೆ

ನೆಟ್ಟ ಎರಡನೇ ವಾರ ಹಳೆಯ ಎಲೆಗಳು ಉದುರುವುದನ್ನು ಕಂಡು ಗಾಬರಿಯಾಗುತ್ತದೆ. ನರ್ಸರಿಯ ಒಣ ಗಾಳಿಯಲ್ಲಿ ಹುಟ್ಟಿದ ಎಲೆ ಪೆಟ್ಟಿಗೆಯ ತೇವಕ್ಕೆ ಹೊಂದುವುದಿಲ್ಲ. ಕಾಂಡ ಗಟ್ಟಿಯಿದ್ದು ಗೆಣ್ಣು ಹಸಿರಿದ್ದರೆ ಉದುರಿದ ಎಲೆ ತೆಗೆದು ಕಾಯಿರಿ. ಒಳಗೇ ಹುಟ್ಟುವ ಹೊಸ ಎಲೆ ನಿಲ್ಲುತ್ತದೆ. ಅದೇ ಹೊತ್ತಿಗೆ ಕಟ್ಟಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ, ನಾಲ್ಕರಿಂದ ಆರು ವಾರದಲ್ಲಿ ಸ್ಪ್ರಿಂಗ್‌ಟೇಲ್‌ಗಳು ತಿಂದು ಮುಗಿಸುತ್ತವೆ. ಅದಕ್ಕೆ ಔಷಧಿ ಹೊಡೆದರೆ ಹುಳುಗಳೂ ಸಾಯುತ್ತವೆ.

ಹೊಸ ಚಿಗುರಿನ ತುದಿ ಮಾತ್ರ ಕಂದಾದರೆ, ನೀರೂ ಶುದ್ಧವಾಗಿದ್ದರೆ, ಗಾಳಿ ಆಡುತ್ತಿಲ್ಲ ಎಂದರ್ಥ. ಕ್ಯಾಲ್ಸಿಯಂ ಚಿಗುರಿಗೆ ತಲುಪುವುದು ಎಲೆಯಿಂದ ಆವಿ ಹೋಗುವಾಗಿನ ಸೆಳೆತದಿಂದ. ನಿಂತ ಗಾಳಿಯಲ್ಲಿ ಆ ಸೆಳೆತವೇ ಇಲ್ಲ. ಕಂಪ್ಯೂಟರಿನ 40 ಮಿ.ಮೀ. ಫ್ಯಾನನ್ನು ಒಳಗಿನ ಮೇಲ್ಮೂಲೆಯಲ್ಲಿ ಅಡ್ಡಲಾಗಿ ಕಟ್ಟಿ, ಗಂಟೆಗೆ 10 ನಿಮಿಷ ಓಡಿಸಿ. 12 ವೋಲ್ಟಿನ ಫ್ಯಾನಿಗೆ 5 ವೋಲ್ಟಿನ ಫೋನ್ ಚಾರ್ಜರ್ ಕೊಟ್ಟರೆ ಹಲವು ಫ್ಯಾನುಗಳು ನಿಧಾನಕ್ಕೆ ತಿರುಗುತ್ತವೆ, ಅಷ್ಟೇ ಬೇಕಾದದ್ದು. ಹೊರಗಿನ ಗಾಳಿಯನ್ನು ಒಳಗೆ ತಳ್ಳಬಾರದು, ಒಳಗಿನದನ್ನೇ ಸುತ್ತಿಸಬೇಕು.

ಗೊಬ್ಬರ ತಿಂಗಳಿಗೊಮ್ಮೆ. ಕೃಷಿ ಅಂಗಡಿಯಲ್ಲಿ ಸಿಗುವ 19:19:19 ಪುಡಿ ಲೀಟರಿಗೆ ಕಾಲು ಗ್ರಾಂ. ಹೊಲದ ಬೆಳೆಗೆ ಲೀಟರಿಗೆ 5 ಗ್ರಾಂ ಹೊಡೆಯುವ ಅಭ್ಯಾಸವನ್ನು ಇಲ್ಲಿಗೆ ತಂದರೆ ಪಾಚಿ ಮೊದಲು ಸುಡುತ್ತದೆ. ಮೇ ತಿಂಗಳಲ್ಲಿ ಗೊಬ್ಬರವೇ ಬೇಡ.

ಕತ್ತರಿ ಮಾತ್ರ ಎಂದಿಗೂ ನಿಲ್ಲುವಂತಿಲ್ಲ. ಕ್ರೀಪಿಂಗ್ ಫಿಗ್ ಒಮ್ಮೆ ಹಿಡಿತ ಕಂಡಿತೆಂದರೆ ಎರಡು ವಾರಕ್ಕೊಮ್ಮೆ ತುದಿ ಕತ್ತರಿಸಬೇಕು, ಇಲ್ಲವಾದರೆ ಕಿಂಡಿಯಿಂದ ಹೊರಗೆ ಬಂದು ಫ್ಯಾನಿನ ರೆಕ್ಕೆಗೂ ಸುತ್ತುತ್ತದೆ. ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ತುದಿ ಹೋದ ಮೇಲೆ ಕೆಳಗಿನ ಎರಡು ಗೆಣ್ಣುಗಳಿಂದ ಕವಲೊಡೆದು ಗೋಡೆ ತುಂಬುತ್ತದೆ. ಕತ್ತರಿಸಿದ ತುಂಡುಗಳನ್ನು ಒದ್ದೆ ಪಾಚಿಯಿರುವ ಇನ್ನೊಂದು ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ. ಬೇಸಿಗೆಯಲ್ಲಿ ದೊಡ್ಡ ಪೆಟ್ಟಿಗೆ ಕೆಟ್ಟರೂ ತಳಿ ಉಳಿಯುತ್ತದೆ.

ಪ್ರಾಣಿ ಇಡುವುದಾದರೆ

ಗಿಡಗಳ ಪೆಟ್ಟಿಗೆ ಒಂದು ಪೂರ್ತಿ ಬೇಸಿಗೆ ದಾಟುವವರೆಗೆ ಪ್ರಾಣಿಯ ಮಾತು ಬೇಡ. ವಿವೇರಿಯಂ ಎಂದರೆ ಜನರ ಕಣ್ಣಿಗೆ ಬರುವ ಡಾರ್ಟ್ ಕಪ್ಪೆ, ಕ್ರೆಸ್ಟೆಡ್ ಗೆಕ್ಕೋಗಳಿಗೆ 28–29 ಡಿಗ್ರಿ ದಾಟಿದರೆ ಅಪಾಯ. ಬಳ್ಳಿಗೆ ಒಂದು ಎಲೆ ಹೋಗುವ ಮಧ್ಯಾಹ್ನ ಕಪ್ಪೆಗೆ ಜೀವವೇ ಹೋಗುತ್ತದೆ. ಇನ್ವರ್ಟರ್ ಬೆಂಬಲವಿರುವ ಎಸಿ ಕೋಣೆ ಇಲ್ಲದವರು ಕಲಬುರಗಿ, ಯಾದಗಿರಿಯಲ್ಲಿ ಇವನ್ನು ಇಡಬಾರದು. ಡಾರ್ಟ್ ಕಪ್ಪೆಯಂಥ ಹೊರದೇಶದ ಸಂರಕ್ಷಿತ ಜಾತಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆ, ಗೋಸುಂಬೆಗಳನ್ನು ತಂದು ಗಾಜಿನೊಳಗಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅವು ಒಣ ಬಯಲಿನ ಜೀವಿಗಳು, ಈ ತೇವದಲ್ಲಿ ಬದುಕುವುದೂ ಇಲ್ಲ.

ಅನುಮತಿ, ತಂಪು ಎರಡೂ ಇದ್ದವರು ಒಂದು ಬೇಸಿಗೆ ದಾಟಿ, ಕೊನೆಯ ಗಿಡ ನೆಟ್ಟು ಮೂರು ತಿಂಗಳಾದ ಮೇಲೆ ಪ್ರಾಣಿಯನ್ನು ಬಿಡಲಿ. ನರ್ಸರಿಯ ಕೀಟನಾಶಕ ಎಲೆಯೊಳಗೆ ಉಳಿದಿದ್ದರೆ ಆ ಹಳೆ ಎಲೆಗಳು ಅಷ್ಟರಲ್ಲಿ ಉದುರಿರುತ್ತವೆ. ಅಲ್ಲಿಯವರೆಗೆ ಸ್ಪ್ರಿಂಗ್‌ಟೇಲ್‌ಗಳ ಮೇಲೆ ಕಣ್ಣಿಡಿ. ಅವು ಏಕಾಏಕಿ ಕಾಣೆಯಾದರೆ ಪೆಟ್ಟಿಗೆಯಲ್ಲಿ ಇನ್ನೂ ವಿಷವಿರಬಹುದು, ಕಪ್ಪೆ ಬಿಡುವ ದಿನವನ್ನು ಮುಂದೆ ಹಾಕಿ.